ದನಿ ತಗ್ಗಿಸಿ ಹಾಡಿದ ಡಸ್ಟಿ

ಎಲ್ಲರಿಗೂ ನಮಸ್ಕಾರ. ಈ ಸಂಜೆ ನಾನು ಒಂದೇ ಒಂದು ಆಲ್ಬಮ್ ಬಗ್ಗೆ ಮಾತಾಡುತ್ತೇನೆ. ಅದರಲ್ಲಿ ಹನ್ನೊಂದು ಹಾಡುಗಳಿವೆ. ಎಲ್ಲಾ ಸೇರಿದರೂ ಮೂವತ್ಮೂರು ನಿಮಿಷದ ಆಸುಪಾಸು. ಅಂದರೆ ನನ್ನ ಮಾತಿಗಿಂತ ಆಲ್ಬಮ್ಮೇ ಚಿಕ್ಕದು. 1969ರಲ್ಲಿ ಬಂದ ಈ ಆಲ್ಬಮ್‌ನ ಹೆಸರು 'ಡಸ್ಟಿ ಇನ್ ಮೆಂಫಿಸ್'. ಮೆಂಫಿಸ್ ಅಂದರೆ ಅಮೆರಿಕದ ದಕ್ಷಿಣದ ಒಂದು ಊರು. ಹಾಡಿದವರು ಡಸ್ಟಿ ಸ್ಪ್ರಿಂಗ್‌ಫೀಲ್ಡ್.

ನಾನು ಇವರ ದನಿ ಮೊದಲು ಕೇಳಿದ್ದು ಹಾಸ್ಟೆಲ್‌ನಲ್ಲಿ. ರೂಮಿನ ಗೆಳೆಯ ಎಲ್ಲಿಂದಲೋ 'ಪಲ್ಪ್ ಫಿಕ್ಷನ್' ಸಿನಿಮಾದ ಹಾಡುಗಳ ಕ್ಯಾಸೆಟ್ ತಂದಿದ್ದ. ಅದರಲ್ಲಿ 'ಸನ್ ಆಫ್ ಎ ಪ್ರೀಚರ್ ಮ್ಯಾನ್' ಇತ್ತು. ಹಾಡುತ್ತಿರುವವರು ಅಮೆರಿಕದ ದಕ್ಷಿಣದ ಕಪ್ಪು ಗಾಯಕಿ ಅಂತಲೇ ನಾವಿಬ್ಬರೂ ಅಂದುಕೊಂಡಿದ್ದೆವು. ಎಷ್ಟೋ ದಿನ ಆದಮೇಲೆ ಒಂದು ಪತ್ರಿಕೆಯಲ್ಲಿ ಫೋಟೋ ನೋಡಿದೆ. ಹೊಂಬಣ್ಣದ ಕೂದಲನ್ನು ಗೋಪುರದ ಹಾಗೆ ಎತ್ತಿ ಕಟ್ಟಿದ್ದಾರೆ. ಕಣ್ಣಿನ ಸುತ್ತ ದಟ್ಟ ಕಾಡಿಗೆ. ಲಂಡನ್ನಿನ ಬಿಳಿ ಹೆಂಗಸು! ಆಗ ಆದ ಅಚ್ಚರಿ ಇನ್ನೂ ಪೂರ್ತಿ ಇಳಿದಿಲ್ಲ.

ಮೊದಲು ಇವರ ಪರಿಚಯ ಸ್ವಲ್ಪ ಮಾಡಿಕೊಳ್ಳೋಣ. ಹುಟ್ಟಿದ್ದು 1939ರ ಏಪ್ರಿಲ್ 16, ಲಂಡನ್ನಿನಲ್ಲಿ. ಐರಿಷ್ ಕ್ಯಾಥೊಲಿಕ್ ಮನೆತನ. ನಿಜವಾದ ಹೆಸರು ಮೇರಿ ಒ'ಬ್ರಿಯನ್. ಹುಡುಗರ ಜೊತೆ ಬೀದಿಯಲ್ಲಿ ಫುಟ್ಬಾಲ್ ಆಡಿ ಧೂಳು ಮೆತ್ತಿಕೊಂಡು ಬರುತ್ತಿದ್ದರು, ಅದಕ್ಕೇ 'ಡಸ್ಟಿ' ಅಂತ ಹೆಸರು ಬಂತು ಅನ್ನುತ್ತಾರೆ. ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ಅವರ ತಂದೆ ಮಗಳ ಅಂಗೈ ಹಿಂಬದಿಯ ಮೇಲೆ ಬೆರಳಿನಿಂದ ತಾಳ ತಟ್ಟಿ, ಇದು ಯಾವ ಹಾಡು ಹೇಳು ನೋಡೋಣ ಅನ್ನುತ್ತಿದ್ದರಂತೆ. ರಾಗ ಇಲ್ಲ, ಮಾತಿಲ್ಲ. ಬರೀ ತಟ್ಟು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಣ್ಣನ ಜೊತೆ 'ದಿ ಸ್ಪ್ರಿಂಗ್‌ಫೀಲ್ಡ್ಸ್' ಅನ್ನುವ ಗುಂಪಿನಲ್ಲಿ ಹಾಡಿದರು. 1963ರಲ್ಲಿ ಒಬ್ಬರೇ ಹಾಡಲು ಶುರುಮಾಡಿದರು. ಒಂದಾದ ಮೇಲೊಂದು ಹಾಡು ಗೆದ್ದಿತು. 1966ರಲ್ಲಿ 'ಯು ಡೋಂಟ್ ಹ್ಯಾವ್ ಟು ಸೇ ಯು ಲವ್ ಮಿ' ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಅದು ಮೂಲದಲ್ಲಿ ಇಟಲಿಯ ಹಾಡು. ಡಸ್ಟಿಗೆ ಸ್ಟುಡಿಯೋದ ಒಳಗಿನ ಪ್ರತಿಧ್ವನಿ ಸಾಲದಾಯಿತು. ಸರಿ, ಮೆಟ್ಟಿಲ ಹತ್ತಿರ ಮೈಕ್ ಇಟ್ಟು ಅಲ್ಲೇ ಹಾಡಿದರು. ಆ ಹಾಡು ಕೇಳಿದರೆ ಗೊತ್ತಾಗುತ್ತದೆ, ದನಿ ಅಲೆಯ ಹಾಗೆ ಎದ್ದೆದ್ದು ಬರುತ್ತದೆ. ಎದೆ ತುಂಬಿ, ಗಂಟಲು ಬಿಚ್ಚಿ ಹಾಡಿದ್ದು. ಬ್ರಿಟನ್ನಿನ ಜನಕ್ಕೆ ಡಸ್ಟಿ ಅಂದರೆ ಈ ತುಂಬು ದನಿ.

ಕಪ್ಪು ಜನರ ಸಂಗೀತದ ಮೇಲೆ ಅವರಿಗಿದ್ದ ಪ್ರೀತಿ ಬರೀ ಬಾಯಿಮಾತಿನದಲ್ಲ. 1964ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹಾಡಲು ಹೋದರು. ಬಿಳಿಯರು, ಕರಿಯರು ಒಟ್ಟಿಗೆ ಕೂರುವ ಸಭೆಗೆ ಮಾತ್ರ ಹಾಡುತ್ತೇನೆ ಅಂತ ಒಪ್ಪಂದದಲ್ಲೇ ಬರೆಸಿದ್ದರು. ಹಾಗೇ ಹಾಡಿದರು. ಅಲ್ಲಿನ ಸರ್ಕಾರ ದೇಶ ಬಿಟ್ಟು ಹೋಗಿ ಅಂದಿತು. 1965ರಲ್ಲಿ ಬ್ರಿಟಿಷ್ ಟೆಲಿವಿಷನ್‌ನಲ್ಲಿ ಮೋಟೌನ್ ಅನ್ನುವ ಅಮೆರಿಕದ ರೆಕಾರ್ಡ್ ಕಂಪನಿಯ ಕಪ್ಪು ಕಲಾವಿದರ ವಿಶೇಷ ಕಾರ್ಯಕ್ರಮ ಬಂತು. ಅದನ್ನು ನಡೆಸಿಕೊಟ್ಟವರು ಡಸ್ಟಿ. ಸುಪ್ರೀಮ್ಸ್, ಟೆಂಪ್ಟೇಷನ್ಸ್, ಸ್ಟೀವಿ ವಂಡರ್ ಇವರನ್ನೆಲ್ಲ ಬ್ರಿಟನ್ನಿನ ಎಷ್ಟೋ ಮನೆಗಳು ಅವತ್ತು ಮೊದಲ ಸಲ ನೋಡಿದವು.

ಇಂಥವರು 1968ರಲ್ಲಿ ಅಟ್ಲಾಂಟಿಕ್ ರೆಕಾರ್ಡ್ಸ್ ಸೇರಿದರು. ಅಮೆರಿಕದ ಹೆಸರಾಂತ ಕಪ್ಪು ಗಾಯಕಿ ಅರೀತಾ ಫ್ರಾಂಕ್ಲಿನ್ ಹಾಡುತ್ತಿದ್ದ ಕಂಪನಿ ಅದು. ಅರೀತಾ ಅವರ ದೊಡ್ಡ ಹಾಡುಗಳನ್ನು ಮಾಡಿಸಿದ ಜೆರ್ರಿ ವೆಕ್ಸ್ಲರ್ ಅವರೇ ಡಸ್ಟಿಯ ಆಲ್ಬಮ್ಮನ್ನೂ ಕೈಗೆತ್ತಿಕೊಂಡರು. ಜೊತೆಗೆ ಸೌಂಡ್ ಎಂಜಿನಿಯರ್ ಟಾಮ್ ಡೌಡ್. ಇಸ್ತಾಂಬುಲ್‌ನಲ್ಲಿ ಹುಟ್ಟಿದ ವಾದ್ಯ ಸಂಯೋಜಕ ಆರಿಫ್ ಮಾರ್ಡಿನ್. ಮೂರು ಜನವೂ ಘಟಾನುಘಟಿಗಳು.

ಆದರೆ ಕೆಲಸ ಸಲೀಸಾಗಿ ಶುರುವಾಗಲಿಲ್ಲ. ವೆಕ್ಸ್ಲರ್ ತಿಂಗಳುಗಟ್ಟಲೆ ಹುಡುಕಿ ಎಪ್ಪತ್ತೆಂಬತ್ತು ಹಾಡು ಸೇರಿಸಿ ಇಟ್ಟಿದ್ದರು. ಡಸ್ಟಿ ಅವರ ಮನೆಗೆ ಬಂದರು. ಒಂದೊಂದೇ ಹಾಕಿ ಕೇಳಿಸಿದ್ದಾಯಿತು. ನೆಲದ ಮೇಲೆಲ್ಲ ರೆಕಾರ್ಡುಗಳು. ಕೊನೆಗೆ ಡಸ್ಟಿ ಒಪ್ಪಿದ್ದು ಎಷ್ಟು ಹಾಡು? ಒಂದೂ ಇಲ್ಲ. ಕೆಲವು ತಿಂಗಳು ಬಿಟ್ಟು ಮತ್ತೆ ಬಂದರು. ವೆಕ್ಸ್ಲರ್ ಅದೇ ರಾಶಿಯಿಂದ ಇಪ್ಪತ್ತು ಹಾಡು ತೆಗೆದು ಮತ್ತೆ ಹಾಕಿದರು. ಈ ಸಲ ಎಲ್ಲಾ ಇಷ್ಟ ಆಯಿತು! ವೆಕ್ಸ್ಲರ್ ಈ ಕಥೆಯನ್ನು ಆಮೇಲೆ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಕೇಳಿದವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಅಲ್ಲಿ ಇದ್ದದ್ದು ಹಟ ಅಲ್ಲ, ಭಯ ಅನ್ನಿಸುತ್ತದೆ.

ಮೆಂಫಿಸ್‌ನಲ್ಲಿ ಆ ಭಯ ಇನ್ನೂ ಜಾಸ್ತಿ ಆಯಿತು. 1968ರ ಸೆಪ್ಟೆಂಬರ್. ಅದೇ ಊರಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಂದು ಐದೇ ತಿಂಗಳಾಗಿತ್ತು. ರೆಕಾರ್ಡಿಂಗ್ ನಡೆದದ್ದು ಅಮೆರಿಕನ್ ಸೌಂಡ್ ಸ್ಟುಡಿಯೋದಲ್ಲಿ. ಊರಿನ ಬಡ ಬಡಾವಣೆಯೊಂದರ ಸಾಧಾರಣ ಕಟ್ಟಡ. ಕೆಲವೇ ತಿಂಗಳಲ್ಲಿ ಎಲ್ವಿಸ್ ಪ್ರೀಸ್ಲಿ ಕೂಡ ಅಲ್ಲಿಗೇ ಬಂದು ಹಾಡಲಿದ್ದರು. ಇಲ್ಲಿ ವಿಲ್ಸನ್ ಪಿಕೆಟ್ ಅಂಥ ದೊಡ್ಡ ಕಪ್ಪು ಗಾಯಕ ಹಾಡಿದ್ದಾರೆ, ನೀವೂ ಇಲ್ಲೇ ನಿಂತು ಹಾಡಿ ಅಂತ ಅಲ್ಲಿದ್ದವರು ಡಸ್ಟಿಗೆ ಹುರುಪು ತುಂಬಲು ಹೇಳಿದರು. ಅದು ಉಲ್ಟಾ ಹೊಡೆಯಿತು. ಯಾರ ಹಾಡು ಕೇಳಿ ಪೂಜೆ ಮಾಡಿದ್ದರೋ ಅವರ ಜಾಗದಲ್ಲಿ ನಿಂತು ಬಾಯಿ ಬಿಡುವುದು ಹೇಗೆ? ಗಂಟಲು ಕಟ್ಟಿಹೋಯಿತು. ಲಂಡನ್ನಿನಲ್ಲಿ ತಮ್ಮ ಹಾಡುಗಳ ಪ್ರತಿ ಸದ್ದನ್ನೂ ತಾವೇ ನಿಂತು ಸರಿಮಾಡಿಸುತ್ತಿದ್ದ ಹೆಂಗಸು ಅವರು. ಇಲ್ಲಿ ಎಲ್ಲವೂ ಬೇರೆಯವರ ಕೈಯಲ್ಲಿತ್ತು.

ಹಾಗಾಗಿ ವಾದ್ಯದವರು ನುಡಿಸಿ ಮುಗಿಸಿದರು. ಡಸ್ಟಿ ಆಮೇಲೆ ನ್ಯೂಯಾರ್ಕ್‌ಗೆ ಹೋಗಿ, ಅಟ್ಲಾಂಟಿಕ್‌ನ ಸ್ಟುಡಿಯೋದಲ್ಲಿ ನಿಂತು, ಆ ಸಂಗೀತದ ಮೇಲೆ ತಮ್ಮ ದನಿ ಕೂಡಿಸಿದರು. ಮೆಂಫಿಸ್ ಹೆಸರಿನ ಈ ಆಲ್ಬಮ್‌ನಲ್ಲಿ ನಾವು ಕೇಳುವ ಡಸ್ಟಿಯ ದನಿ ಮೆಂಫಿಸ್‌ನದ್ದಲ್ಲ. ಹಾಡುವಾಗ ಹೆಡ್‌ಫೋನ್‌ನಲ್ಲಿ ಸಂಗೀತವನ್ನು ಎಷ್ಟು ಜೋರಾಗಿ ಇಡಿಸಿಕೊಳ್ಳುತ್ತಿದ್ದರು ಅಂದರೆ ತಮ್ಮ ದನಿ ತಮಗೇ ಕೇಳಿಸುತ್ತಿರಲಿಲ್ಲವಂತೆ. ಇದನ್ನು ಹೇಳಿದವರೂ ವೆಕ್ಸ್ಲರ್ ಅವರೇ.

ಇಲ್ಲಿ ಸ್ವಲ್ಪ ನಿಲ್ಲೋಣ. ತನ್ನ ದನಿ ತನಗೆ ಕೇಳದಿದ್ದರೆ ಮಾಮೂಲಾಗಿ ಏನಾಗುತ್ತದೆ? ಯಾರಾದರೂ ಕಿರುಚುತ್ತಾರೆ. ಮದುವೆ ಮನೆಯ ಓಲಗದ ನಡುವೆ ಮಾತಾಡಿದ ಹಾಗೆ. ಡಸ್ಟಿ ಕಿರುಚಲಿಲ್ಲ. ದನಿ ತಗ್ಗಿಸಿದರು. ನಾನು ಇವತ್ತು ಹೇಳಲು ಬಂದಿರುವುದೇ ಇದನ್ನು. ಈ ಆಲ್ಬಮ್‌ನ ದೊಡ್ಡತನ ಇರುವುದು ಅವರು ಹಾಡಿದ್ದರಲ್ಲಿ ಎಷ್ಟೋ, ಹಾಡದೆ ತಡೆದಿಟ್ಟಿದ್ದರಲ್ಲೂ ಅಷ್ಟೇ. ಮೆಟ್ಟಿಲ ಹತ್ತಿರ ನಿಂತು ಕಟ್ಟಡ ತುಂಬುವ ಹಾಗೆ ಹಾಡಿದ್ದವರು ಎರಡೇ ವರ್ಷದಲ್ಲಿ ನಮ್ಮ ಕಿವಿ ಹತ್ತಿರ ಬಂದು ಪಿಸುಗುಟ್ಟಿದರು. ಅಷ್ಟು ದನಿ ಇರುವವರು ತಡೆದರೆ ಮಾತ್ರ ತಡೆದದ್ದು ಗೊತ್ತಾಗುತ್ತದೆ, ಅಲ್ವಾ?

'ಸನ್ ಆಫ್ ಎ ಪ್ರೀಚರ್ ಮ್ಯಾನ್', ಅಂದರೆ ಪಾದ್ರಿಯ ಮಗ, ಎಲ್ಲರಿಗೂ ಗೊತ್ತಿರುವ ಹಾಡು, ಅದರಿಂದಲೇ ಶುರುಮಾಡುತ್ತೇನೆ. ಇದನ್ನು ಮೊದಲು ಅರೀತಾ ಹಾಡಲಿ ಅಂತ ಇತ್ತು. ಅವರು ಆಗ ಬೇಡ ಅಂದರು. ಅರೀತಾ ಅವರ ತಂದೆ ಹೆಸರುವಾಸಿ ಪಾದ್ರಿ ಅನ್ನುವುದು ನಿಮಗೆ ನೆನಪಿರಲಿ. ಆಮೇಲೆ ಅವರೂ ಹಾಡಿದರು, ಅವರ 1970ರ ಆಲ್ಬಮ್‌ನಲ್ಲಿ ಸಿಗುತ್ತದೆ. ಎರಡನ್ನೂ ಕೇಳಿ. ಅರೀತಾ ಹಾಡಿದ್ದು ಚರ್ಚಿನ ಒಳಗಿಂದ ಬಂದ ಹಾಗಿದೆ. ಡಸ್ಟಿ ಹಾಡಿದ್ದು ಹಿತ್ತಲಿನಿಂದ.

ಹಾಡಿನ ಕಥೆ ಇಷ್ಟೇ. ಪಾದ್ರಿ ಮನೆಗೆ ಬರುತ್ತಾರೆ. ಜೊತೆಗೆ ಮಗ ಬಿಲ್ಲಿ ರೇ. ದೊಡ್ಡವರು ಮಾತಿಗೆ ಕೂತಾಗ ಈ ಹುಡುಗ ಹುಡುಗಿಯನ್ನು ಹೊರಗೆ ತಿರುಗಾಡಲು ಕರೆದುಕೊಂಡು ಹೋಗುತ್ತಾನೆ. ಕದ್ದು ಮುಚ್ಚಿ ಚಿಗುರಿದ ಪ್ರೀತಿ. ಎಷ್ಟೋ ವರ್ಷದ ಮೇಲೆ ಅವಳು ಅದನ್ನು ನೆನೆಯುತ್ತಿದ್ದಾಳೆ. ಮೊದಲು ರೆಗ್ಗಿ ಯಂಗ್ ಅವರ ಗಿಟಾರ್ ಒಂದು ಸಣ್ಣ ಎಳೆ ಎಳೆಯುತ್ತದೆ. ಕೆಳಗೆ ಟಾಮಿ ಕಾಗ್‌ಬಿಲ್ ಅವರ ಬೇಸ್ ಗಿಟಾರ್ ಪುಟಿಯುತ್ತಾ ನಡೆಯುತ್ತದೆ. ಅವಸರ ಇಲ್ಲವೇ ಇಲ್ಲ. ಆಮೇಲೆ ಡಸ್ಟಿ ಬರುತ್ತಾರೆ, ಹಾಡಿನ ಹಾಗಲ್ಲ, ಮಾತಿನ ಹಾಗೆ. ತಾಳದ ಪೆಟ್ಟು ಬಿದ್ದ ಒಂದು ಕೂದಲೆಳೆ ಆದಮೇಲೆ ಮಾತು ಬೀಳುತ್ತದೆ. ಈಗ ಆ ತಂದೆಯ ಬೆರಳನ್ನು ನೆನಪಿಸಿಕೊಳ್ಳಿ. ತಾಳ ಕೈಯ ಚರ್ಮದಲ್ಲೇ ಇದ್ದರೆ ಮಾತ್ರ ಇಷ್ಟು ಧೈರ್ಯವಾಗಿ ಹಿಂದೆ ಉಳಿಯಬಹುದು. ತಾಳ ತಪ್ಪೀತು ಅನ್ನುವ ಹೆದರಿಕೆ ಇರುವವರು ಪೆಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇರುತ್ತಾರೆ.

ಪಲ್ಲವಿ ಬಂದಾಗ ಹಿನ್ನೆಲೆಯ ಹೆಣ್ಣು ದನಿಗಳು ಸೇರುತ್ತವೆ. ಇವರು 'ಸ್ವೀಟ್ ಇನ್ಸ್ಪಿರೇಷನ್ಸ್', ಅರೀತಾ ಅವರ ಹಾಡುಗಳಿಗೂ ದನಿ ಕೊಟ್ಟವರು. ಕಹಳೆಗಳೂ ಸೇರುತ್ತವೆ. ಸುತ್ತಲೂ ಚರ್ಚಿನ ಹುರುಪು, ನಡುವೆ ಡಸ್ಟಿ ಮೆತ್ತಗೆ. ಕೊನೆಯ ಭಾಗದಲ್ಲಿ ಹಾಡು ಮೇಲಿನ ಶ್ರುತಿಗೆ ಏರುತ್ತದೆ. ಅಲ್ಲಿ ಮಾತ್ರ ಅವರು ಬಾಗಿಲನ್ನು ಅರ್ಧ ತೆರೆಯುತ್ತಾರೆ. ಪೂರ್ತಿ ತೆರೆಯುತ್ತಾರೆ ಅನ್ನುವಷ್ಟರಲ್ಲಿ ಹಾಡು ಮುಗಿದೇ ಹೋಗುತ್ತದೆ. ಎರಡೂವರೆ ನಿಮಿಷ.

ಆದರೆ ನನ್ನ ಹಾಡು ಅದಲ್ಲ. ನನ್ನದು ಅದರ ಮುಂದಿನದು, 'ಐ ಡೋಂಟ್ ವಾಂಟ್ ಟು ಹಿಯರ್ ಇಟ್ ಎನಿಮೋರ್'. ಬರೆದವರು ರ್‍ಯಾಂಡಿ ನ್ಯೂಮನ್. ವಠಾರದಲ್ಲಿ ಬೆಳೆದವರು ಯಾರಾದರೂ ಇಲ್ಲಿದ್ದರೆ ಅವರಿಗೆ ಇದನ್ನು ವಿವರಿಸುವುದೇ ಬೇಡ. ಬಡವರ ಬೀದಿ. ಮರದ ಮನೆಗಳು. ಸಣ್ಣ ಕೋಣೆಗಳು. ಗೋಡೆ ತೆಳು. ಆಚೆ ಮನೆಯವರು ಮಾತಾಡಿದ್ದು ಈಚೆಗೆ ಕೇಳುತ್ತದೆ. ಅವರು ಮಾತಾಡುತ್ತಿರುವುದು ಇವಳ ಬಗ್ಗೆಯೇ. ಪಾಪ, ಒಳ್ಳೇ ಹುಡುಗಿ, ಪ್ರೀತಿಯೇ ಇಲ್ಲದವನಿಗೆ ಮನಸ್ಸು ಕೊಟ್ಟಳಲ್ಲ ಅಂತ. ಅವಳಿಗೆ ಅವನ ಮೋಸ ಗೊತ್ತಾಗುತ್ತಿರುವುದು ಹೀಗೆ, ಗೋಡೆ ದಾಟಿ ಬಂದ ಮಾತಿನಿಂದ.

ಇಲ್ಲಿ ಡಸ್ಟಿ ಮಾಡಿದ್ದನ್ನು ಗಮನಿಸಿ ಕೇಳಿ. ನೆರೆಯವರ ಮಾತನ್ನು ಹಾಡುವಾಗ ಆಡಿಕೊಳ್ಳುವ ದನಿ ಬರುವುದಿಲ್ಲ. ಅವರ ಮಾತಿನಲ್ಲಿ ಕನಿಕರ ಇದೆ. ಅದೇ ಜಾಸ್ತಿ ಚುಚ್ಚುವುದು. ಬೈದರೆ ತಿರುಗಿ ಬೈಯಬಹುದು, ಅಯ್ಯೋ ಪಾಪ ಅಂದರೆ ಏನು ಮಾಡುವುದು? ಗೋಡೆಯ ಈ ಕಡೆ ನಿಂತವಳು ಜೋರಾಗಿ ಅಳುವ ಹಾಗೂ ಇಲ್ಲ. ಅತ್ತರೆ ಆ ಕಡೆಗೆ ಕೇಳಿಸುತ್ತದೆ! ಈ ಹಾಡಿನಲ್ಲಿ ದನಿ ಸಣ್ಣದಾಗಿರಲೇಬೇಕು. ಬೇರೆ ದಾರಿಯೇ ಇಲ್ಲ. ಪಲ್ಲವಿಯಲ್ಲಿ ನೋವು ಉಕ್ಕಿ ದನಿ ಮೇಲೇರುತ್ತದೆ, ಮತ್ತೆ ಚರಣಕ್ಕೆ ಬಂದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡ ಹಾಗೆ ತಗ್ಗುತ್ತದೆ. ಇಷ್ಟು ವರ್ಷ ಕೇಳಿದರೂ ನನಗೆ ಆ ಜಾಗದಲ್ಲಿ ಎದೆ ಹಿಂಡುತ್ತದೆ.

ಉಳಿದ ಹಾಡುಗಳನ್ನು ಸ್ವಲ್ಪ ಬೇಗ ನೋಡೋಣ. ಮೊದಲ ಹಾಡು 'ಜಸ್ಟ್ ಎ ಲಿಟಲ್ ಲವಿನ್' ಬೆಳಗಿನ ಹೊತ್ತಿನದು. ಒಂದು ಲೋಟ ಕಾಫಿಗಿಂತ ಬೆಳಗಿನ ಒಲವು ಚೆನ್ನ ಅನ್ನುತ್ತದೆ. ಕಾಫಿ ವಿಷಯದಲ್ಲಿ ನಮ್ಮ ಕಡೆಯವರು ಒಪ್ಪುವುದು ಕಷ್ಟ, ಆದರೆ ಡಸ್ಟಿ ಹಾಡಿದರೆ ಒಪ್ಪಬೇಕು ಅನ್ನಿಸುತ್ತದೆ. 'ಬ್ರೇಕ್‌ಫಾಸ್ಟ್ ಇನ್ ಬೆಡ್' ಇದೆಯಲ್ಲ, ಅದು ಇನ್ನೊಬ್ಬಳಿಂದ ನೊಂದು ಅಳುತ್ತಾ ಬಂದವನಿಗೆ ಬಾಗಿಲು ತೆರೆಯುವ ಹೆಂಗಸಿನ ಹಾಡು. ಅವನು ತನ್ನವನಾಗಿ ಉಳಿಯುವುದಿಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಅದರ ನಡುವೆ 'ಯು ಡೋಂಟ್ ಹ್ಯಾವ್ ಟು ಸೇ ಯು ಲವ್ ಮಿ' ಅನ್ನುವ ಮಾತು ಬರುತ್ತದೆ. 1966ರಲ್ಲಿ ಇದೇ ಮಾತನ್ನು ಗಂಟಲು ಬಿಚ್ಚಿ ಹಾಡಿದ್ದರು. ಇಲ್ಲಿ ಒಂದು ಮುಗುಳ್ನಗೆಯಷ್ಟು ಜಾಗದಲ್ಲಿ ಹೇಳಿ ಮುಗಿಸುತ್ತಾರೆ. ಎರಡನ್ನೂ ಒಟ್ಟಿಗೆ ಕೇಳಿದರೆ ನಾನು ಹೇಳುತ್ತಿರುವುದು ಏನು ಅಂತ ಒಂದು ನಿಮಿಷದಲ್ಲಿ ತಿಳಿಯುತ್ತದೆ.

ಜೆರ್ರಿ ಗಾಫಿನ್ ಮತ್ತು ಕ್ಯಾರೊಲ್ ಕಿಂಗ್ ಜೋಡಿ ಬರೆದ ಹಾಡುಗಳೇ ನಾಲ್ಕಿವೆ. ಅವುಗಳಲ್ಲಿ 'ನೋ ಈಸಿ ವೇ ಡೌನ್' ನನಗೆ ತುಂಬಾ ಹತ್ತಿರದ್ದು. ಎತ್ತರಕ್ಕೆ ಏರಿದವರಿಗೆ ಇಳಿಯುವ ಸುಲಭದ ದಾರಿ ಇಲ್ಲ ಅನ್ನುವ ಹಾಡು. 'ದಿ ವಿಂಡ್‌ಮಿಲ್ಸ್ ಆಫ್ ಯುವರ್ ಮೈಂಡ್' ಒಂದು ಸಿನಿಮಾ ಹಾಡು, 1969ರಲ್ಲಿ ಅದಕ್ಕೆ ಆಸ್ಕರ್ ಬಂತು. ಮನಸ್ಸಿನೊಳಗೆ ಚಕ್ರದೊಳಗೆ ಚಕ್ರ ಸುತ್ತುತ್ತಲೇ ಇರುವ ಹಾಡು. ಡಸ್ಟಿ ಅದನ್ನು ತಾಳವೇ ಇಲ್ಲದ ಹಾಗೆ ನಿಧಾನವಾಗಿ ಎತ್ತಿಕೊಳ್ಳುತ್ತಾರೆ, ನಿದ್ದೆ ಬಾರದ ರಾತ್ರಿಯ ಹಾಗೆ. ಈ ಆಲ್ಬಮ್‌ಗೆ ಈ ಹಾಡು ಅಷ್ಟು ಹೊಂದುವುದಿಲ್ಲ ಅನ್ನುವವರಿದ್ದಾರೆ. ನನಗೂ ಒಂದೊಂದು ದಿನ ಹಾಗೇ ಅನ್ನಿಸುತ್ತದೆ.

ವಾದ್ಯಗಳ ಬಗ್ಗೆ ಒಂದು ಮಾತು. ಮೆಂಫಿಸ್‌ನ ಈ ತಂಡದವರು ಸ್ವರ ಬರೆದಿಟ್ಟುಕೊಂಡು ನುಡಿಸುವವರಲ್ಲ. ಮಾದರಿ ಹಾಡನ್ನು ಕೇಳುತ್ತಾರೆ, ಅಲ್ಲೇ ಕೂತು ಯಾರು ಏನು ನುಡಿಸಬೇಕು ಅಂತ ಕಟ್ಟಿಕೊಳ್ಳುತ್ತಾರೆ. ನಮ್ಮಲ್ಲಿ ಪಕ್ಕವಾದ್ಯದವರು ವೇದಿಕೆ ಮೇಲೇ ಹೊಂದಿಸಿಕೊಳ್ಳುತ್ತಾರಲ್ಲ, ಹಾಗೆ. ಪಿಟೀಲುಗಳನ್ನು ಆಮೇಲೆ ಸೇರಿಸಿದರು. ರೆಗ್ಗಿ ಯಂಗ್ ಈ ಆಲ್ಬಮ್‌ನಲ್ಲಿ ಎಲೆಕ್ಟ್ರಿಕ್ ಸಿತಾರ್ ಕೂಡ ನುಡಿಸಿದ್ದಾರೆ. ಅದು ನಿಜಕ್ಕೂ ಸಿತಾರ್ ಅಲ್ಲ, ಗಿಟಾರೇ. ತಂತಿ ಕೂರುವ ಕುದುರೆಯನ್ನು ಚಪ್ಪಟೆ ಮಾಡಿರುತ್ತಾರೆ. ತಂತಿ ಅದಕ್ಕೆ ತಾಗಿ ಜುಂಯ್ ಅನ್ನುತ್ತದೆ. ನಮ್ಮ ತಂಬೂರಿಗೆ ಜವಾರಿ ಮಾಡುವವರಿಗೆ, ಅಂದರೆ ಅದರ ಕುದುರೆಯನ್ನು ತಿದ್ದಿ ಝೇಂಕಾರ ತರುವವರಿಗೆ, ಈ ಗುಟ್ಟು ಗೊತ್ತು. ಆ ಜುಂಯ್ ಎಷ್ಟೋ ಕೈ ದಾಟಿ ಮೆಂಫಿಸ್ ತನಕ ಹೋಗಿತ್ತು.

ಇಷ್ಟೆಲ್ಲ ಆಗಿ ಆಲ್ಬಮ್ ಬಂತು. 'ಪ್ರೀಚರ್ ಮ್ಯಾನ್' ಹಾಡೇನೋ ಗೆದ್ದಿತು. ಅಮೆರಿಕದಲ್ಲಿ ಹತ್ತನೇ ಸ್ಥಾನ, ಬ್ರಿಟನ್ನಿನಲ್ಲಿ ಒಂಬತ್ತನೇ ಸ್ಥಾನ. ಆಲ್ಬಮ್ ಮಾತ್ರ ಅಮೆರಿಕದಲ್ಲಿ 99ಕ್ಕೆ ನಿಂತುಹೋಯಿತು. ಬ್ರಿಟನ್ನಿನ ಪಟ್ಟಿಗೆ ಬರಲೇ ಇಲ್ಲ. ಸ್ವಂತ ಊರಿನವರೇ ಕೊಳ್ಳಲಿಲ್ಲ! ಈ ವಿಷಯ ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಮುಂದಿನ ವರ್ಷಗಳು ಅವರಿಗೆ ಕಷ್ಟದವು. ಅಮೆರಿಕಕ್ಕೆ ಹೋಗಿ ನೆಲೆಸಿದರು. ಕುಡಿತ, ಮಾದಕ ವಸ್ತು, ಒಂಟಿತನ. 1987ರಲ್ಲಿ ಪೆಟ್ ಶಾಪ್ ಬಾಯ್ಸ್ ಅನ್ನುವ ಇಬ್ಬರು ಹುಡುಗರು ಹುಡುಕಿಕೊಂಡು ಹೋಗಿ ಜೊತೆಗೆ ಹಾಡಿಸಿದರು. ಆ ಹಾಡು ಬ್ರಿಟನ್, ಅಮೆರಿಕ ಎರಡೂ ದೇಶದಲ್ಲಿ ಎರಡನೇ ಸ್ಥಾನಕ್ಕೆ ಬಂತು. 1999ರ ಮಾರ್ಚ್ 2ರಂದು ಡಸ್ಟಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಅರವತ್ತಕ್ಕೆ ಇನ್ನೂ ಆರು ವಾರ ಇತ್ತು. ಇವತ್ತು ಈ ಆಲ್ಬಮ್ ಗ್ರ್ಯಾಮಿ ಹಾಲ್ ಆಫ್ ಫೇಮ್‌ನಲ್ಲಿದೆ. ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಣಗಳ ಸಂಗ್ರಹದಲ್ಲಿಯೂ ಇದೆ. ಅವರಿಗೆ ಇದರಲ್ಲಿ ಎಷ್ಟು ಕಾಣಲು ಸಿಕ್ಕಿತು ಅನ್ನುವುದು ಬೇರೆ ಮಾತು.

ತಾನು ಅರೀತಾ ಅಲ್ಲ ಅನ್ನುವ ಕೊರಗು ಅವರನ್ನು ತುಂಬಾ ದಿನ ಕಾಡಿತು. ಅರೀತಾ ಆಗಲು ಹೋಗಿದ್ದರೆ ಈ ಆಲ್ಬಮ್ ಹುಟ್ಟುತ್ತಿರಲಿಲ್ಲ. ಹೆದರಿಕೊಂಡೇ ನಿಂತರು, ಹೆದರಿಕೆಯನ್ನು ಕಿರುಚಾಟದಲ್ಲಿ ಮುಚ್ಚಲಿಲ್ಲ. ಆ ತಡೆದ ದನಿಯೊಳಗೆ ಆ ಹೆದರಿಕೆಯೂ ಇದೆ. ಅದಕ್ಕೇ ಈ ಹಾಡುಗಳು ಎದುರಿಗೆ ಕೂತವರ ಹಾಗೆ ಮಾತಾಡುತ್ತವೆ.

ಮಾತು ಇಲ್ಲಿಗೆ ಮುಗಿಸಿದ್ದೆ. ಭಾವಗೀತೆ ಹಾಡುವ ಹಿರಿಯರೊಬ್ಬರು ಹಿಂದಿನ ಸಾಲಿನಿಂದ ಎದ್ದು ನಿಂತರು. ಆ ಗೋಡೆಯ ಹಾಡಿನಲ್ಲಿ ಇವರು ಉಸಿರು ತಗೊಳ್ಳುವುದು ಎಲ್ಲಿ, ನನಗೆ ಗೊತ್ತಾಗಲೇ ಇಲ್ಲ, ಇನ್ನೊಂದು ಸಲ ಹಾಕಿ ಅಂದರು. ಫ್ಯಾನ್ ಆಫ್ ಮಾಡಿ ಮೊದಲ ಚರಣ ಹಾಕಿದೆವು. ಮತ್ತೆ ಹಾಕಿದೆವು. ಒಬ್ಬೊಬ್ಬರಿಗೆ ಒಂದೊಂದು ಕಡೆ ಉಸಿರು ಕೇಳಿಸಿತು. ಮೂರನೇ ಸಲಕ್ಕೆ ಆ ಹಿರಿಯರು ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ತಾಳ ತಟ್ಟುತ್ತಾ ಕೂತಿದ್ದರು. ಉಸಿರಿನ ವಿಷಯ ಮತ್ತೆ ಕೇಳಲಿಲ್ಲ.